ಒಂದೇ ಬಣ್ಣ, ನಾಲ್ಕು ಛಾಯೆ

ವಿಷು ಹಬ್ಬ ಸಮೀಪಿಸಿತೆಂದರೆ ದೂರದ ಬಂಧುಗಳ ನೆನಪು ನಮಗೆಲ್ಲ ಒತ್ತಿ ಬರುತ್ತದೆ. ಈ ಬಾರಿ ಅಂಗಡಿಯ ಶುಭಾಶಯ ಪತ್ರವನ್ನು ಕೊಳ್ಳದೆ, ಮಕ್ಕಳ ಕೈಯಿಂದಲೇ ಒಂದನ್ನು ಮಾಡಿಸೋಣ. ಇದಕ್ಕೆ ಬಣ್ಣದ ದೊಡ್ಡ ಪೆಟ್ಟಿಗೆ ಬೇಕಾಗಿಲ್ಲ. ಕಡುನೀಲಿಯ ಒಂದು ಬಿಲ್ಲೆ ಸಾಕು.

ಒಂದೇ ಬಣ್ಣದಿಂದ ಚಿತ್ರವಾದೀತೇ ಎಂದು ಸಂದೇಹಪಡುವವರು ಪೊಸಡಿಗುಂಪೆಯ ಮೇಲೆ ನಿಂತು ಮೂಡಣ ದಿಕ್ಕಿಗೆ ನೋಡಬೇಕು. ಹತ್ತಿರದ ಗುಡ್ಡ ಕಡುವಾಗಿ, ಅದರಾಚೆಯದು ತುಸು ತಿಳಿಯಾಗಿ, ಕಡೆಯ ಘಟ್ಟದ ಸಾಲು ಆಕಾಶದಲ್ಲಿ ಕರಗಿದಂತೆ ಕಾಣುವುದು. ನಡುವಣ ಗಾಳಿಯು ಬಿಸಿಲಿನ ನೀಲಿಯನ್ನು ಚದುರಿಸುವುದರಿಂದ, ದೂರ ಹೆಚ್ಚಿದಷ್ಟೂ ಬೆಟ್ಟ ತಿಳಿನೀಲಿಯಾಗುತ್ತದೆ. ಈ ನೋಟವನ್ನೇ ನಾವು ಹಾಳೆಗೆ ಇಳಿಸಬೇಕು.

8 ಅಂಗುಲ ಅಗಲ, 6 ಅಂಗುಲ ಎತ್ತರದ ದಪ್ಪ ಬಿಳಿ ಹಾಳೆಯನ್ನು ನಡುವೆ ಮಡಚಿರಿ. ನಾಲ್ಕು ಸಣ್ಣ ಬಿಳಿ ಬಟ್ಟಲುಗಳನ್ನು ಸಾಲಾಗಿ ಇಡಿರಿ. ಮೊದಲನೆಯದರಲ್ಲಿ 4 ಚಮಚೆಯಷ್ಟು ಕಡುಬಣ್ಣವನ್ನು ಕಲಸಿರಿ. ಅದರಿಂದ 2 ಚಮಚೆ ತೆಗೆದು ಎರಡನೆಯದಕ್ಕೆ ಹಾಕಿ, ಅಷ್ಟೇ ನೀರು ಬೆರೆಸಿರಿ. ಎರಡರಿಂದ ಮೂರಕ್ಕೆ, ಮೂರರಿಂದ ನಾಲ್ಕಕ್ಕೆ ಹೀಗೆಯೇ ಮಾಡಿದರೆ, ಕೊನೆಯ ಬಟ್ಟಲಿನ ಬಣ್ಣ ಮೊದಲಿನದರ ಎಂಟನೆಯ ಒಂದು ಪಾಲಿನಷ್ಟು ತಿಳಿಯಾಗಿರುವುದು.

ತೀರ ತಿಳಿಯಾದುದನ್ನು ಆಕಾಶಕ್ಕೆ ಬಳಿಯಿರಿ. ಸೂರ್ಯನ ಜಾಗವನ್ನು ಖಾಲಿ ಬಿಡಿರಿ. ಜಲವರ್ಣದಲ್ಲಿ ಬಿಳಿ ಹಾಳೆಯೇ ಬೆಳಕು. ಬಳಿಕ ದೂರದ ಬೆಟ್ಟ, ನಡುವಿನದು, ಕೊನೆಗೆ ಹತ್ತಿರದ್ದು. ಒಂದು ಪದರ ಪೂರ್ತಿ ಒಣಗದೆ ಇನ್ನೊಂದನ್ನು ಹಚ್ಚಕೂಡದು. ನಮ್ಮ ಮೊದಲ ಪತ್ರದಲ್ಲಿ ಅವಸರದಿಂದ ಮೂರು ಬೆಟ್ಟಗಳೂ ಕೂಡಿ ಒಂದು ಕೊಳವಾಗಿದ್ದವು! ಒಣಗಿದ ಪತ್ರವನ್ನು ಭಾರವಾದ ಪುಸ್ತಕದಡಿ ಒಂದು ರಾತ್ರಿ ಇರಿಸಿದರೆ ಹಾಳೆಯ ಸುಕ್ಕು ಇಳಿಯುತ್ತದೆ.

ಇನ್ನು ಒಳಪುಟದ ಮಾತು. ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಹುಡುಗಿ ಮೂಲಮನೆಯ ಅಜ್ಜಿಗೆ ಬಣ್ಣಬಣ್ಣದ ಪತ್ರವೊಂದನ್ನು ಕಳುಹಿಸಿದ್ದಳು. ಒಳಗಿನ ಬರಹ ಇಂಗ್ಲಿಷಿನಲ್ಲಿತ್ತು. ಕನ್ನಡವನ್ನಷ್ಟೇ ಬಲ್ಲ ಅಜ್ಜಿ ಅದನ್ನು ಬೆರಳಿನಿಂದ ಸವರಿ, ನಮ್ಮತ್ತ ಚಾಚಿ, "ಮಗು ಬರೆದದ್ದೇನು, ಓದಿ ಹೇಳು" ಎಂದರು. ನಾವು ಓದಿ ಹೇಳಿದೆವು. ಆದರೆ ಮೊಮ್ಮಗಳ ಮಾತು ಅಜ್ಜಿಯನ್ನು ಮುಟ್ಟಲು ನಡುವೆ ನಾವು ಬೇಕಾದೆವಲ್ಲಾ ಎಂದು ಮನಸ್ಸಿಗೆ ನಾಚಿಕೆಯಾಯಿತು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಮಕ್ಕಳು ಶಾಲೆಯಲ್ಲಿ ಯಾವ ಭಾಷೆಯನ್ನಾದರೂ ಕಲಿಯಲಿ, ಅದರಿಂದ ನಷ್ಟವಿಲ್ಲ. ಅಜ್ಜಿ ಓದಬಲ್ಲ ಮೂರು ಸಾಲುಗಳನ್ನು ಮನೆಯಲ್ಲಿ ಕಲಿಸದಿದ್ದರೆ ತಪ್ಪು ನಮ್ಮದು.

ಕಳೆದ ವಿಷುವಿಗೆ ನೀಲಿ ಬೆಟ್ಟಗಳ ಪತ್ರ ಹೋಯಿತು. ಹುಡುಗಿ ಮೂರು ಸಾಲುಗಳನ್ನು ಕನ್ನಡದಲ್ಲಿ ತಾನೇ ಬರೆದಿದ್ದಳು. 'ಅಜ್ಜಿ' ಎಂಬಲ್ಲಿ ಒತ್ತು ಬಿಟ್ಟುಹೋಗಿತ್ತು. ತಿದ್ದಲು ಲೇಖನಿ ಎತ್ತಿದ ನಾವು ಹಾಗೆಯೇ ಕೆಳಗಿರಿಸಿದೆವು. ಹಬ್ಬದ ದಿನ ಮೂಲಮನೆಗೆ ಹೋದಾಗ ಆ ಪತ್ರ ವಿಷುಕಣಿಯ ಕನ್ನಡಿಯ ಪಕ್ಕದಲ್ಲಿತ್ತು. ಅದನ್ನು ಓದಿ ಹೇಳೆಂದು ಅಜ್ಜಿ ಯಾರನ್ನೂ ಕೇಳಲಿಲ್ಲ.