ಹನ್ನೆರಡು ತಂತಿಯವರು, ಎಳೆದ ತಂತಿಯವರು

ಅಮೆರಿಕದ ರಾಕ್ ತಂಡ ದಿ ಬರ್ಡ್ಸ್ ಮುರಿದುಬಿದ್ದು ಐವತ್ತು ವರ್ಷ ದಾಟಿದೆ. ಅದರ ಅಭಿಮಾನಿಗಳ ವ್ಯಾಜ್ಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಒಂದು ಪಂಗಡಕ್ಕೆ ಬರ್ಡ್ಸ್ ಎಂದರೆ 1965ರ ಲಾಸ್ ಏಂಜಲೀಸ್, ರೋಜರ್ ಮೆಗ್ವಿನ್ ಕೈಯಲ್ಲಿದ್ದ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರು, ರೇಡಿಯೊದಿಂದ ಚಿಮ್ಮಿ ಬರುತ್ತಿದ್ದ ಅದರ ಝಣಝಣ ನಾದ. ಆ ಗಿಟಾರು ಹಿಂದೆ ಸರಿದ ದಿನವೇ ತಂಡ ಮುಗಿಯಿತು ಎನ್ನುವವರು ಇವರು. ಇನ್ನೊಂದು ಪಂಗಡದವರು 1968ರ ಈಚೆಗೆ ತಂಡವನ್ನು ವೇದಿಕೆಯ ಮೇಲೆ ಕಂಡವರು, ಇಲ್ಲವೇ ಆ ಕಾಲದ ಧ್ವನಿಮುದ್ರಿಕೆಗಳ ಮೂಲಕ ಬರ್ಡ್ಸ್ ಲೋಕಕ್ಕೆ ಬಂದವರು. ಅವರ ಪಾಲಿಗೆ ಆ ತಂಡ ಕಂಡ ದೊಡ್ಡ ಗಿಟಾರುವಾದಕ ಕ್ಲಾರೆನ್ಸ್ ವೈಟ್. ರೆಕಾರ್ಡಿನಲ್ಲಿ ಚೆಂದ ಕೇಳಿಸುತ್ತಿದ್ದ ಹುಡುಗರ ಗುಂಪು ಜನರೆದುರು ಗಟ್ಟಿಯಾಗಿ ನಿಂತು ನುಡಿಸಬಲ್ಲ ತಂಡವಾದದ್ದು ಅವನು ಬಂದ ಮೇಲೆ ಎಂಬುದು ಅವರ ವಾದ.

ಎರಡರಲ್ಲೂ ಹುರುಳಿದೆ. ಆದರೆ ಇಬ್ಬರೂ ತಮ್ಮ ಪಕ್ಷಕ್ಕೆ ತೊಡಕಾಗುವ ಸಂಗತಿಗಳನ್ನು ಬದಿಗೆ ಸರಿಸಿಯೇ ಮಾತಾಡುತ್ತಾರೆ. ಅವನ್ನೂ ಲೆಕ್ಕಕ್ಕೆ ಹಿಡಿದು ನೋಡಬೇಕು.

ಮೊದಲು ಆ ನಾದದ ವಿಷಯ. 1964ರಲ್ಲಿ ಬೀಟಲ್ಸ್ ನಟಿಸಿದ 'ಎ ಹಾರ್ಡ್ ಡೇಸ್ ನೈಟ್' ಸಿನಿಮಾದಲ್ಲಿ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ರಿಕನ್‌ಬ್ಯಾಕರ್ ಕಂಡು ಮೆಗ್ವಿನ್ ತಾನೂ ಒಂದನ್ನು ಕೊಂಡ. ಆಗ ಅವನ ಹೆಸರು ಜಿಮ್. ರೋಜರ್ ಆದದ್ದು 1967ರಲ್ಲಿ. ವಾದ್ಯ ಅದೇ ಆದರೂ ನುಡಿಸುವ ಕೈ ಬೇರೆಯಾಗಿತ್ತು. ಷಿಕಾಗೊದ ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್‌ನಲ್ಲಿ ಬ್ಯಾಂಜೊ ಕಲಿತವನು ಮೆಗ್ವಿನ್. ಹೆಬ್ಬೆರಳು ತೋರುಬೆರಳುಗಳ ನಡುವೆ ಮಾಮೂಲಿ ಪಿಕ್ ಹಿಡಿದು, ಮಧ್ಯದ ಬೆರಳಿಗೂ ಉಂಗುರದ ಬೆರಳಿಗೂ ಲೋಹದ ಪಿಕ್ ತೊಟ್ಟುಕೊಳ್ಳುತ್ತಿದ್ದ. ಕಾರ್ಡನ್ನು ಒಂದೇ ಏಟಿಗೆ ಬಾರಿಸದೆ, ಬ್ಯಾಂಜೊದಲ್ಲಿ ಮಾಡುವಂತೆ ಅದರ ಸ್ವರಗಳನ್ನು ಒಂದರ ಬೆನ್ನಿಗೊಂದು ಬಿಡಿಸುತ್ತ ಹೋಗುವುದು ಅವನ ಪದ್ಧತಿ. ಹನ್ನೆರಡು ತಂತಿ ಎಂದರೆ ಆರು ಜೋಡಿ. ಕೆಳಗಿನ ಶ್ರುತಿಯ ನಾಲ್ಕು ಜೋಡಿಗಳಲ್ಲಿ ಒಂದು ತಂತಿ ಇನ್ನೊಂದಕ್ಕಿಂತ ಒಂದು ಸ್ಥಾಯಿ ಮೇಲೆ. ಉಳಿದ ಎರಡು ಜೋಡಿ ಸಮಶ್ರುತಿ. ಸಾಮಾನ್ಯವಾಗಿ ಇಂಥ ಗಿಟಾರುಗಳಲ್ಲಿ ಕೈ ಕೆಳಕ್ಕೆ ಬರುವಾಗ ಜೋಡಿಯ ತೆಳು ತಂತಿ ಮೊದಲು ಸಿಗುತ್ತದೆ. ರಿಕನ್‌ಬ್ಯಾಕರ್‌ನಲ್ಲಿ ದಪ್ಪ ತಂತಿ ಮೊದಲು, ತೆಳುವಿನದು ಆಮೇಲೆ. ಹೀಗಾಗಿ ಪ್ರತಿ ಮೀಟಿನ ಕೊನೆಗೆ ಕಿವಿಯಲ್ಲಿ ಉಳಿಯುವುದು ಮೇಲಿನ ಸ್ಥಾಯಿಯ ಹೊಳಪು.

ಇಷ್ಟರಿಂದಲೇ ಆ ನಾದ ಹುಟ್ಟಲಿಲ್ಲ. ಮೆಗ್ವಿನ್ ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾನೆ: ಈ ಗಿಟಾರನ್ನು ಅದರಷ್ಟಕ್ಕೇ ನುಡಿಸಿದರೆ ಸ್ವರ ನಿಲ್ಲುವುದಿಲ್ಲ, ಮೀಟಿದ ಕೂಡಲೇ ಕುಗ್ಗಿಹೋಗುತ್ತದೆ. ಕೊಲಂಬಿಯಾ ಸ್ಟುಡಿಯೊದ ಎಂಜಿನಿಯರ್ ರೇ ಗರ್‌ಹಾರ್ಟ್ ಅದನ್ನು ಆಂಪ್ಲಿಫೈಯರಿಗೆ ಜೋಡಿಸದೆ ನೇರವಾಗಿ ಧ್ವನಿಮುದ್ರಣದ ಕನ್ಸೋಲಿಗೆ ಕೊಟ್ಟು, ಕಂಪ್ರೆಸರುಗಳ ಮೂಲಕ ಹಾಯಿಸಿದ. ಜೋರಾದ ಸದ್ದನ್ನು ಕಂಪ್ರೆಸರ್ ಒತ್ತಿ ಹಿಡಿಯುತ್ತದೆ. ಆಮೇಲೆ ಒಟ್ಟು ಮಟ್ಟವನ್ನು ಏರಿಸಿದಾಗ ಆರಿಹೋಗಬೇಕಿದ್ದ ಸ್ವರದ ಬಾಲವೂ ಮೇಲೆದ್ದು ಉದ್ದಕ್ಕೆ ನಿಲ್ಲುತ್ತದೆ. ರೇಡಿಯೊ ತಂತ್ರಜ್ಞರೂ ಎಂಜಿನಿಯರುಗಳೂ ತಮ್ಮ ಉಪಕರಣಗಳ ರಕ್ಷಣೆಗೆ ಬಳಸುತ್ತಿದ್ದ ಪೆಟ್ಟಿಗೆ ಇಲ್ಲಿ ವಾದ್ಯದ ಭಾಗವೇ ಆಗಿಬಿಟ್ಟಿತು. ಮುಂದೆ 1988ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಮೆಗ್ವಿನ್ ಹೆಸರಿನ ಗಿಟಾರು ತಂದಾಗ ಕಂಪ್ರೆಸರನ್ನು ಅದರ ಒಡಲೊಳಗೇ ಕೂರಿಸಿತ್ತು.

ವೈಟ್ ಪಂಗಡದವರು ಇಲ್ಲಿಯೇ ಪಟ್ಟು ಹಾಕುತ್ತಾರೆ. ನೀವು ಎದೆಯಲ್ಲಿಟ್ಟುಕೊಂಡಿರುವುದು ಒಂದು ತಂಡದ ಧ್ವನಿಯನ್ನಲ್ಲ, ಒಂದು ಸ್ಟುಡಿಯೊದ ಧ್ವನಿಯನ್ನು ಎನ್ನುತ್ತಾರೆ. ಅವರ ಕೈಯಲ್ಲಿ ಇನ್ನೊಂದು ಗಟ್ಟಿ ಪುರಾವೆಯಿದೆ. 1965ರ ಜನವರಿ 20ರಂದು 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಧ್ವನಿಮುದ್ರಣವಾದಾಗ ತಂಡದವರ ಪೈಕಿ ವಾದ್ಯ ನುಡಿಸಿದವನು ಮೆಗ್ವಿನ್ ಒಬ್ಬನೇ. ನಿರ್ಮಾಪಕ ಟೆರಿ ಮೆಲ್ಚರ್‌ಗೆ ಹುಡುಗರ ಕೈ ಇನ್ನೂ ಪಳಗಿಲ್ಲ ಎನಿಸಿತ್ತು. ಡ್ರಮ್ಮಿಗೆ ಹಾಲ್ ಬ್ಲೇನ್, ಬೇಸ್ ಗಿಟಾರಿಗೆ ಲ್ಯಾರಿ ನೆಕ್ಟೆಲ್, ಎಲೆಕ್ಟ್ರಿಕ್ ಪಿಯಾನೊಕ್ಕೆ ಲಿಯಾನ್ ರಸೆಲ್, ಇನ್ನೊಂದು ಗಿಟಾರಿಗೆ ಜೆರಿ ಕೋಲ್, ಹೀಗೆ ಹಾಲಿವುಡ್ಡಿನ ನುರಿತ ವಾದಕರನ್ನು ಕರೆಸಿದ. ಹಾಡಿದ್ದು ಮೆಗ್ವಿನ್, ಜೀನ್ ಕ್ಲಾರ್ಕ್ ಮತ್ತು ಡೇವಿಡ್ ಕ್ರಾಸ್ಬಿ. ಹಾಡಿನ ಆರಂಭವನ್ನು ಗಮನವಿಟ್ಟು ಕೇಳಿ. ಗಿಟಾರಿನ ಏರಿಳಿತದ ಬೆನ್ನಲ್ಲೇ ಬೇಸ್ ಒಂದು ಜಾರುಸ್ವರದಲ್ಲಿ ಒಳಗೆ ಬರುತ್ತದೆ. ಎಷ್ಟೋ ಅಭಿಮಾನಿಗಳಿಗೆ ಗಿಟಾರಿನಷ್ಟೇ ನೆನಪಿರುವ ಆ ಜಾರು ಬರ್ಡ್ಸ್‌ನ ಕ್ರಿಸ್ ಹಿಲ್ಮನ್‌ನದಲ್ಲ, ಕೂಲಿಗೆ ಬಂದ ನೆಕ್ಟೆಲ್‌ನದು.

ಪುರಾವೆ ನಿಜ. ಆದರೆ ಅದನ್ನು ಎಲ್ಲಿಯವರೆಗೆ ಎಳೆಯಬಹುದು? ಆ ದಿನ ಮುಗಿಸಿದ್ದು ಎರಡೇ ಹಾಡು, ಒಂದೇ ಸಿಂಗಲ್ ರೆಕಾರ್ಡಿನ ಎರಡು ಬದಿ. ಮೊದಲ ಆಲ್ಬಮ್ಮಿನ ಉಳಿದ ಹಾಡುಗಳನ್ನೆಲ್ಲ ತಂಡದ ಐವರೇ ನುಡಿಸಿದ್ದಾರೆ. ವರ್ಷದ ಕೊನೆಗೆ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ 'ಟರ್ನ್! ಟರ್ನ್! ಟರ್ನ್!' ಕೂಡ ಅವರದೇ ಕೈಕೆಲಸ. ಬರ್ಡ್ಸ್ ತಮ್ಮ ರೆಕಾರ್ಡುಗಳಲ್ಲಿ ನುಡಿಸಲೇ ಇಲ್ಲ ಎಂದು ಸಲೀಸಾಗಿ ಹೇಳಿಬಿಡುವುದು ಅವರಿಗೆ ಮಾಡುವ ಅನ್ಯಾಯ. ಇನ್ನು ಸ್ಟುಡಿಯೊದಲ್ಲಿ ಹುಟ್ಟಿದ ನಾದ ಸಾಚಾ ಅಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಕಂಪ್ರೆಸರ್ ಸ್ವರವನ್ನು ಉದ್ದ ಮಾಡಬಹುದು; ಯಾವ ಸ್ವರದ ಪಕ್ಕ ಯಾವ ಸ್ವರ ಕೂರಬೇಕೆಂದು ಅದಕ್ಕೆ ಗೊತ್ತಿಲ್ಲ. ಬಾಬ್ ಡಿಲನ್ ನಾಲ್ಕು ಚರಣಗಳಲ್ಲಿ ಕಟ್ಟಿದ್ದ ನೀಳ ಹಾಡಿನಿಂದ ಒಂದೇ ಚರಣ ಉಳಿಸಿಕೊಂಡು, ತಾಳ ಬದಲಿಸಿ, ಎರಡೂಕಾಲು ನಿಮಿಷದಲ್ಲಿ ಮುಗಿಯುವಂತೆ ಮಾಡಿದ್ದರಲ್ಲಿ ಕಂಪ್ರೆಸರಿನ ಪಾತ್ರವಿಲ್ಲ. ಜಾನಪದ ಗಾಯನದ ಕಟ್ಟಾ ಅನುಯಾಯಿಗಳಿಗೆ ಈ ಕತ್ತರಿಪ್ರಯೋಗ ಆಗಲೂ ಹಿಡಿಸಿರಲಿಲ್ಲ, ಕೆಲವರಿಗೆ ಈಗಲೂ ಹಿಡಿಸುವುದಿಲ್ಲ. ಕವಿತೆಯಾಗಿ ಕೇಳುವವರಿಗೆ ಅದು ನಷ್ಟವೇ. ಆದರೆ 1965ರ ವಸಂತದಲ್ಲಿ ಸನ್‌ಸೆಟ್ ಸ್ಟ್ರಿಪ್‌ನ ಸೀರೋಸ್ ಕ್ಲಬ್ಬಿನಲ್ಲಿ ಅದಕ್ಕೆ ಕುಣಿದವರು ಇಡೀ ಹಾಡನ್ನು ಕೇಳಲು ಬಂದವರಲ್ಲ. ಡಿಲನ್ ತಾನೇ ಅಲ್ಲಿಗೆ ಬಂದು ಇವರ ಜೊತೆ ವೇದಿಕೆ ಹತ್ತಿದ. ಆ ಫೋಟೊ ಮೊದಲ ಆಲ್ಬಮ್ಮಿನ ಹಿಂಬದಿಯಲ್ಲಿದೆ.

ಆ ನಾದದ ಬಲಕ್ಕೆ ಹ್ಯಾರಿಸನ್ನನೇ ಸಾಕ್ಷಿ. ಅವನ ಗಿಟಾರು ನೋಡಿ ಮೆಗ್ವಿನ್ ಶುರುಮಾಡಿದ. ಆಮೇಲೆ ಬರ್ಡ್ಸ್‌ನ 'ದಿ ಬೆಲ್ಸ್ ಆಫ್ ರಿಮ್ನಿ' ಕೇಳಿ, ಅದರ ಗಿಟಾರು ಪಲುಕನ್ನು ಎತ್ತಿಕೊಂಡು ಹ್ಯಾರಿಸನ್ 'ಇಫ್ ಐ ನೀಡೆಡ್ ಸಮ್‌ಒನ್' ಕಟ್ಟಿದ, ಹಾಗೆಂದು ಅವರಿಗೆ ಹೇಳಿಯೂ ಕಳಿಸಿದ. ಕೊಟ್ಟದ್ದು ಒಂದೂವರೆ ವರ್ಷದೊಳಗೆ ಬೇರೆ ರೂಪದಲ್ಲಿ ಮರಳಿ ಬಂತು. ಮುಂದೆ ಟಾಮ್ ಪೆಟ್ಟಿ 1976ರಲ್ಲಿ ಮಾಡಿದ 'ಅಮೆರಿಕನ್ ಗರ್ಲ್' ಎಷ್ಟು ಬರ್ಡ್ಸ್‌ಮಯವಾಗಿತ್ತೆಂದರೆ ಮರುವರ್ಷ ಮೆಗ್ವಿನ್ ಅದನ್ನು ತಾನೇ ಹಾಡಿದ. ಎಂಬತ್ತರ ದಶಕದ ಆರ್.ಇ.ಎಂ. ತಂಡದವರೆಗೆ ಆ ಎಳೆ ಹರಿದಿದೆ. ಹನ್ನೆರಡು ತಂತಿಯವರ ಪಕ್ಷ ಇಲ್ಲಿ ಬಲು ಗಟ್ಟಿ: ಇಷ್ಟು ಜನರನ್ನು ಮುಟ್ಟಿದ ನಾದ ಬರ್ಡ್ಸ್‌ನ ಬೇರಾವುದೂ ಅಲ್ಲ.

ಆದರೆ ಅದಕ್ಕೊಂದು ಮಿತಿಯಿದೆ. ಜೋಡಿ ತಂತಿಯನ್ನು ಎಳೆದು ಸ್ವರ ಬಾಗಿಸುವುದು ಕಷ್ಟ. ಎರಡೂ ಒಂದೇ ಅಳತೆಗೆ ಬಾಗದೆ ಶ್ರುತಿ ಕೆಡುತ್ತದೆ. ರಿಕನ್‌ಬ್ಯಾಕರ್ ಹೊಳೆಯಬಲ್ಲದು, ಸಾಲಾಗಿ ಹರಿಯಬಲ್ಲದು, ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗಲಾರದು. ವೀಣೆ ಕೇಳಿದ ಕಿವಿಗೆ ಈ ಕೊರತೆ ಬೇಗ ತಿಳಿಯುತ್ತದೆ: ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಬರುವ ಗಮಕ ಇಲ್ಲಿ ಇಲ್ಲ.

ಅದನ್ನು ತಂದವನು ಕ್ಲಾರೆನ್ಸ್ ವೈಟ್. ಕೆಂಟಕಿ ಕರ್ನಲ್ಸ್ ತಂಡದಲ್ಲಿ ಬ್ಲೂಗ್ರಾಸ್ ಗಿಟಾರು ನುಡಿಸಿ ಹೆಸರಾದವನು. 1967ರ 'ಯಂಗರ್ ದ್ಯಾನ್ ಯೆಸ್ಟರ್‌ಡೇ' ಆಲ್ಬಮ್ಮಿನಲ್ಲಿ ಹಿಲ್ಮನ್‌ನ ಹಾಡುಗಳಿಗೆ ಅತಿಥಿಯಾಗಿ ನುಡಿಸಿ, 1968ರಲ್ಲಿ ತಂಡದವನೇ ಆದ. ಅವನೂ ಡ್ರಮ್ಮರ್ ಜೀನ್ ಪಾರ್ಸನ್ಸನೂ ಸೇರಿ ಟೆಲಿಕ್ಯಾಸ್ಟರ್ ಗಿಟಾರಿಗೆ ಒಂದು ಯಂತ್ರ ಅಳವಡಿಸಿದರು. ವೈಟ್‌ಗೆ ಬೇಕಿದ್ದ ಒಂದು ಎಳೆತಕ್ಕೆ ಎರಡು ಕೈ ಸಾಲುತ್ತಿರಲಿಲ್ಲ, ಮೂರನೆಯದು ಬೇಕಿತ್ತು. ಲೋಹದ ಕೆಲಸ ಬಲ್ಲ ಪಾರ್ಸನ್ಸ್ ಆ ಮೂರನೆಯ ಕೈಯನ್ನು ಮಾಡಿಕೊಟ್ಟ. ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿಯನ್ನೇ ಒಳಗಿನ ಸನ್ನೆಗೆ ಜೋಡಿಸಲಾಗಿತ್ತು. ವಾದಕ ಗಿಟಾರಿನ ಕತ್ತನ್ನು ತುಸು ಕೆಳಕ್ಕೆ ಅದುಮಿದರೆ ಪಟ್ಟಿ ಬಿಗಿದು, ಸನ್ನೆ ಎರಡನೆಯ ತಂತಿಯನ್ನು ಸರಿಯಾಗಿ ಒಂದು ಪೂರ್ಣ ಸ್ವರದಷ್ಟು ಮೇಲಕ್ಕೆ ಎಳೆಯುತ್ತದೆ. ಕೈ ಸಡಿಲಿಸಿದರೆ ಮತ್ತೆ ಸ್ವಸ್ಥಾನಕ್ಕೆ. ಬೆರಳುಗಳಿಗೆ ಅದರ ಗೊಡವೆಯೇ ಇಲ್ಲ. ಉಳಿದ ತಂತಿಗಳು ನಿಂತಲ್ಲೇ ನುಡಿಯುತ್ತಿರುವಾಗ ನಡುವಿನ ಒಂದು ಮಾತ್ರ ಮೇಲೇರುತ್ತದೆ. ಬಿ-ಬೆಂಡರ್ ಎಂದು ಹೆಸರಾದ ಈ ಏರ್ಪಾಡನ್ನು ಇಂದಿಗೂ ಕಂಟ್ರಿ ಗಿಟಾರುವಾದಕರು ಬಳಸುತ್ತಾರೆ.

ವೈಟ್ ಪಂಗಡದ ದೌರ್ಬಲ್ಯ ಬೇರೆಡೆ ಇದೆ. ಅವನಿದ್ದ ಕಾಲದ ಸ್ಟುಡಿಯೊ ಆಲ್ಬಮ್ಮುಗಳು ಏರುಪೇರು. 1971ರ 'ಬರ್ಡ್‌ಮೇನಿಯಾಕ್ಸ್'ಗೆ ತಂಡದವರನ್ನು ಕೇಳದೆಯೇ ಪಿಟೀಲು, ತುತ್ತೂರಿಗಳನ್ನು ಸೇರಿಸಿದ್ದರಿಂದ ಗಿಟಾರು ಅದರಡಿ ಹೂತುಹೋಯಿತು. ಅವನ ದೊಡ್ಡತನಕ್ಕೆ ಸಾಕ್ಷಿ ವೇದಿಕೆಯದು. ಬಹುಕಾಲ ಅದು ಅಲ್ಲಿದ್ದವರ ಬಾಯಿಮಾತಾಗಿಯೇ ಉಳಿದಿತ್ತು. 1969ರ ಫಿಲ್ಮೋರ್ ಕಛೇರಿಯ ಧ್ವನಿಮುದ್ರಿಕೆ 2000ದಲ್ಲಿ, 1971ರ ಲಂಡನ್ ರಾಯಲ್ ಆಲ್ಬರ್ಟ್ ಹಾಲಿನದು 2008ರಲ್ಲಿ ಹೊರಬಂದ ಮೇಲೆ ಅವರ ನೆನಪು ಉತ್ಪ್ರೇಕ್ಷೆಯಲ್ಲ ಎಂದು ಉಳಿದವರಿಗೂ ತಿಳಿಯಿತು. ಇದಕ್ಕೆ ಎದುರಾಗಿ 1965ರ ಆಗಸ್ಟಿನಲ್ಲಿ ಮೂಲ ತಂಡ ಬ್ರಿಟನ್ನಿಗೆ ಹೋದಾಗ, ಬೀಟಲ್ಸ್‌ಗೆ ಅಮೆರಿಕದ ಉತ್ತರ ಎಂಬ ಪ್ರಚಾರ ನಂಬಿ ಬಂದವರು ನಿರಾಶರಾಗಿ ಹೋಗಿದ್ದರು. ರೆಕಾರ್ಡಿನ ನಾದವನ್ನು ವೇದಿಕೆಗೆ ಹೊತ್ತು ತರಲು ಹುಡುಗರಿಗೆ ಆಗಿರಲಿಲ್ಲ.

ಈ ಜಗಳದಲ್ಲಿ ನನಗೆ ನಿಜವಾಗಿ ಬೇಸರ ತರುವುದು ಒಂದೇ: ಎರಡು ಗಿಟಾರುಗಳ ಸದ್ದಿನಲ್ಲಿ ಉಳಿದವರು ಕೇಳಿಸದೆ ಹೋಗುತ್ತಾರೆ. ಮೊದಲೆರಡು ವರ್ಷ ತಂಡದ ಒಳ್ಳೆಯ ಸ್ವಂತ ಹಾಡುಗಳನ್ನು ಬರೆದವನು ಜೀನ್ ಕ್ಲಾರ್ಕ್. ಅವನ ಕೈಯಿಂದ ಗಿಟಾರು ಕ್ರಾಸ್ಬಿಗೆ ಹೋಯಿತು. ಕ್ಲಾರ್ಕ್ ಟ್ಯಾಂಬೊರಿನ್ ಹಿಡಿದು ನಿಂತ. 1966ರಲ್ಲಿ ತಂಡವನ್ನೇ ಬಿಟ್ಟ. ಮ್ಯಾಂಡೊಲಿನ್ ವಾದಕನಾಗಿದ್ದ ಹಿಲ್ಮನ್ ತಂಡಕ್ಕೆ ಬಂದ ಮೇಲೆ ಬೇಸ್ ಕಲಿತವನು. ಬ್ಲೂಗ್ರಾಸ್ ಅವನ ಮೂಲಕವೇ ಮೊದಲು ಒಳಗೆ ಬಂತು, ವೈಟ್ ಬಂದದ್ದೂ ಆ ಬಾಗಿಲಿನಿಂದಲೇ.

1968ರ 'ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ' ವಿಷಯದಲ್ಲಿ ಹನ್ನೆರಡು ತಂತಿಯವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ಗ್ರಾಮ್ ಪಾರ್ಸನ್ಸ್ ಸೇರಿಕೊಂಡು ತಂಡವನ್ನು ನ್ಯಾಶ್‌ವಿಲ್‌ಗೆ, ಕಂಟ್ರಿ ಸಂಗೀತಕ್ಕೆ ಎಳೆದೊಯ್ದ. ಪೆಡಲ್ ಸ್ಟೀಲ್ ಗಿಟಾರು ಮುಂದೆ ಬಂದು ರಿಕನ್‌ಬ್ಯಾಕರ್ ಕಾಣೆಯಾಯಿತು. ರಾಕ್ ಕೇಳುಗರಿಗೆ ಬೇಡವಾಯಿತು, ಗ್ರ್ಯಾಂಡ್ ಓಲ್ ಆಪ್ರಿಯ ಕಂಟ್ರಿ ಕೇಳುಗರೂ ಮುಖ ಗಂಟಿಕ್ಕಿದರು, ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ 77ರ ಮೇಲೆ ಏರಲಿಲ್ಲ. ಇಂದು ಅದನ್ನು ಕಂಟ್ರಿ ರಾಕ್‌ನ ತಳಪಾಯ ಎಂದು ಹೊಗಳುತ್ತಾರೆ. ಹೊಗಳಿಕೆ ಸರಿಯೇ. ಆದರೂ ಅಂದು ಅಂಗಡಿಯಿಂದ ತಂದು ಹಾಕಿಕೊಂಡು, ತಾವು ಪ್ರೀತಿಸಿದ ನಾದ ಎಲ್ಲಿಯೂ ಸಿಗದೆ ಪೆಚ್ಚಾದವರನ್ನು ಕಿವುಡರೆನ್ನುವುದು ತಪ್ಪು.

ಅವರಿಗೆ ನಾನು ಹೇಳುವುದಿಷ್ಟು: ಆ ನಾದವನ್ನು ಮೊದಲು ಬಿಟ್ಟುಹೋಗಲು ಹವಣಿಸಿದವನು ಮೆಗ್ವಿನ್ನನೇ, ಅದೂ ವೈಟ್ ಬರುವುದಕ್ಕೆ ಎರಡು ವರ್ಷ ಮೊದಲು. 1965ರ ಕೊನೆಯ ಪ್ರವಾಸದಲ್ಲಿ ಬಸ್ಸಿನೊಳಗೆ ಜಾನ್ ಕೋಲ್ಟ್ರೇನ್ ಮತ್ತು ಪಂಡಿತ್ ರವಿಶಂಕರ್ ಅವರ ಧ್ವನಿಮುದ್ರಣಗಳು ಮತ್ತೆ ಮತ್ತೆ ಸುತ್ತುತ್ತಿದ್ದವು. ರವಿಶಂಕರ್ ಇವರಿಗೆ ಪರಕೀಯರಲ್ಲ; ಅವರ ಸಿತಾರ್ ವಾದನವನ್ನು ಧ್ವನಿಮುದ್ರಿಸುತ್ತಿದ್ದ ವರ್ಲ್ಡ್ ಪೆಸಿಫಿಕ್ ಸ್ಟುಡಿಯೊದಲ್ಲೇ ಬರ್ಡ್ಸ್ ತಮ್ಮ ಮೊದಲ ತಾಲೀಮು ನಡೆಸಿದ್ದರು. 1966ರ ಮಾರ್ಚಿನಲ್ಲಿ ಬಂದ 'ಎಯ್ಟ್ ಮೈಲ್ಸ್ ಹೈ'ನಲ್ಲಿ ಮೆಗ್ವಿನ್ ಕೋಲ್ಟ್ರೇನ್‌ನ 'ಇಂಡಿಯಾ' ಕೃತಿಯ ಸ್ಯಾಕ್ಸೊಫೋನ್ ಪಲುಕನ್ನು ಹನ್ನೆರಡು ತಂತಿಯ ಮೇಲೆ ತರಲು ಹೊರಟ. ತಂತಿ ಬಾಗುವುದಿಲ್ಲವಾದ್ದರಿಂದ ಸ್ವರಗಳನ್ನು ಒಡೆದು, ಒಂದರ ಮೇಲೊಂದು ಮುಗಿಬೀಳುವಂತೆ ಚೂರುಚೂರಾಗಿ ನುಡಿಸಿದ. ವಾದ್ಯಕ್ಕೆ ಒಗ್ಗದ್ದನ್ನು ವಾದ್ಯದಿಂದ ಮಾಡಿಸಿದ ಆ ಗೀಳು ನನಗೆ ಮಧುರ ಝಣಝಣಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ತಂಡದ ಅತ್ಯುತ್ತಮ ಕ್ಷಣ ಮೊದಲ ಪಂಗಡದ ಕಾಲದ್ದು, ಅದನ್ನು ಸಾಧಿಸಿದ್ದು ಆ ಪಂಗಡ ಪೂಜಿಸುವ ನಾದವನ್ನು ಮುರಿದು ಎಂಬುದು ನನ್ನ ಅಭಿಪ್ರಾಯ.

ವೈಟ್ 1973ರ ಜುಲೈನಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಕಾರ್ಯಕ್ರಮ ಮುಗಿಸಿ ವಾದ್ಯಗಳನ್ನು ವಾಹನಕ್ಕೆ ತುಂಬುತ್ತಿದ್ದಾಗ ಕುಡಿದು ಕಾರು ಓಡಿಸುತ್ತಿದ್ದವರ ಡಿಕ್ಕಿಗೆ ಸಿಕ್ಕಿ ಸತ್ತ. ಅವನ ಟೆಲಿಕ್ಯಾಸ್ಟರ್ ಈಗ ಕಂಟ್ರಿ ಸಂಗೀತಗಾರ ಮಾರ್ಟಿ ಸ್ಟುವರ್ಟ್ ಬಳಿ ಇದೆ. 2018ರಲ್ಲಿ 'ಸ್ವೀಟ್‌ಹಾರ್ಟ್' ಆಲ್ಬಮ್ಮಿಗೆ ಐವತ್ತು ತುಂಬಿದಾಗ ಮೆಗ್ವಿನ್, ಹಿಲ್ಮನ್ ಇಬ್ಬರೂ ಸ್ಟುವರ್ಟ್‌ನೊಂದಿಗೆ ಪ್ರವಾಸ ಹೊರಟಿದ್ದರು. ಆದರೆ ಎರಡು ಗಿಟಾರುಗಳ ವ್ಯಾಜ್ಯ ಕೇಳಬೇಕೆನ್ನುವವರು 1970ರ 'ಅನ್‌ಟೈಟಲ್ಡ್' ಆಲ್ಬಮ್ಮಿಗೇ ಹೋಗಬೇಕು. ಅದರ ಒಂದು ಬದಿ ಪೂರ್ತಿ ವೇದಿಕೆಯ ಮೇಲೆ ನುಡಿಸಿದ 'ಎಯ್ಟ್ ಮೈಲ್ಸ್ ಹೈ', ಹದಿನಾರು ನಿಮಿಷದ್ದು. ಹತ್ತು ನಿಮಿಷಕ್ಕೂ ಮೇಲೆ ಬರೀ ವಾದ್ಯಗಳೇ. ಮೆಗ್ವಿನ್ನನ ಜೋಡಿ ತಂತಿ ಸ್ವರಗಳನ್ನು ಪುಡಿಮಾಡಿ ಎರಚುತ್ತದೆ, ವೈಟ್‌ನ ಒಂಟಿ ತಂತಿ ಅದರ ನಡುವೆ ನುಸುಳಿ ಬಾಗಿ ಏರುತ್ತದೆ. ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ತುಂಬುತ್ತಾನೆ, ಯಾರೂ ಯಾರಿಗೂ ದಾರಿ ಬಿಟ್ಟುಕೊಟ್ಟ ಹಾಗಿಲ್ಲ. ಹಾಡಿನ ಮಾತು ಶುರುವಾಗುವುದು ಇಬ್ಬರೂ ತಮ್ಮ ವಾದ ಪೂರ್ತಿ ಮಂಡಿಸಿದ ಮೇಲೆ.