ಲಂಡನ್ನಿನ ಆಕಾಶ ನಮಗೇಕೆ?

ನಮ್ಮ ಹೆಣ್ಣುಮಕ್ಕಳಿಗೆ ತಮ್ಮ ಜನ್ಮನಕ್ಷತ್ರ ಗೊತ್ತು. ಕನ್ಯೆ ನೋಡಲು ಬಂದವರು ಕೇಳುತ್ತಾರಲ್ಲ! ಆದರೆ "ನನ್ನದು ಕೃತ್ತಿಕೆ" ಎನ್ನುವವಳಿಗೆ ಆಕಾಶದಲ್ಲಿ ಅದನ್ನು ತೋರಿಸಿದವರು ಯಾರು?

ತಿಕೋಟಾದ ಶಾಲೆಯಲ್ಲಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಅಕ್ಕೋರ, ಪುಂಜ ಅಂದ್ರೂ ಗುಚ್ಛ ಅಂದ್ರೂ ಒಂದೇ ಏನ್ರೀ?" ಅವಳ ಗೈಡಿನಲ್ಲಿ ಒಂದೇ ಎಂಬಂತೆ ಬರೆದಿತ್ತು. ನಾನು ಬಿ.ಎ. ಓದಿದವಳು, ತಡವರಿಸಿದೆ. ವಿಜಯಪುರದ ಅಂಗಡಿಗಳಿಗೆ ಅಲೆದೆ. ರಾಶಿಫಲಕ್ಕೆ ಕಪಾಟುಗಟ್ಟಲೆ ಜಾಗ, ಖಗೋಳಕ್ಕೆ ಒಂದು ಮೂಲೆ. ಕೊನೆಗೆ ಗೆಳತಿಯೊಬ್ಬಳ ಮನೆಯಲ್ಲಿ ಜಿ.ಟಿ. ನಾರಾಯಣರಾಯರ ಪುಸ್ತಕ ಸಿಕ್ಕಿತು. ಇಂಥವರು ಕನ್ನಡದಲ್ಲಿ ಬರೆದಿಟ್ಟಿದ್ದಾರೆ, ತರಿಸಿಡುವವರಿಲ್ಲ.

ಒಂದೇ ದಿಕ್ಕಿನಲ್ಲಿ ಕಂಡ ಚುಕ್ಕೆಗಳಿಗೆ ನಾವು ಗೆರೆ ಎಳೆದರೆ ಪುಂಜ. ಒಂದೇ ಮೋಡದಲ್ಲಿ ಒಡಹುಟ್ಟಿದವರಂತೆ ಹುಟ್ಟಿದ್ದು ಗುಚ್ಛ. ಕೃತ್ತಿಕೆ ಗುಚ್ಛ, ಸುಮಾರು 440 ಜ್ಯೋತಿರ್ವರ್ಷ ದೂರ, ಸಾವಿರಕ್ಕೂ ಹೆಚ್ಚು ನಕ್ಷತ್ರ, ವಯಸ್ಸು 10 ಕೋಟಿ ವರ್ಷದ ಆಸುಪಾಸು. ಪಕ್ಕದ ರೋಹಿಣಿಯ ಸುತ್ತಲೂ ಒಂದು ಗುಚ್ಛವಿದೆ, ಆದರೆ ರೋಹಿಣಿ ಆ ಮನೆಯವಳಲ್ಲ. ಅವಳು 65 ಜ್ಯೋತಿರ್ವರ್ಷದಲ್ಲಿ, ಗುಚ್ಛ 150ರ ಹತ್ತಿರ.

ನನ್ನ ದೊಡ್ಡ ತಕರಾರು ಬೇರೆ. ಇಂಗ್ಲಿಷ್ ನೋಡಿ ಬರೆದವರು ಗೋಳಗುಚ್ಛ ಎಂದೊಡನೆ ಹರ್ಕ್ಯುಲಿಸ್‌ನದನ್ನೇ ಹೇಳುತ್ತಾರೆ. ಅದಕ್ಕಿಂತ ಬಹಳ ಪ್ರಕಾಶದ, ಸುಮಾರು 1 ಕೋಟಿ ನಕ್ಷತ್ರಗಳ ಒಮೇಗಾ ಸೆಂಟಾರಿ ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲ. ಬಬಲೇಶ್ವರದ ಹೊಲದಲ್ಲಿ ನಿಂತರೆ ಮೇ ನಡುವಿನ ರಾತ್ರಿ 10ರ ಸುಮಾರಿಗೆ ದಕ್ಷಿಣದಲ್ಲಿ ಮಸುಕು ಚುಕ್ಕೆಯಾಗಿ ಬರಿಗಣ್ಣಿಗೇ ಕಾಣುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಬಿಟ್ಟು ಅದನ್ನೇಕೆ ಕಲಿಸಬೇಕು?

ಟೆಲಿಸ್ಕೋಪ್ ಇಲ್ಲ ಎಂಬ ನೆಪವೂ ಬೇಡ. ಕೃತ್ತಿಕೆ ನಾಲ್ಕು ಚಂದ್ರರಷ್ಟು ಅಗಲ. ದೊಡ್ಡ ದೂರದರ್ಶಕದಲ್ಲಿ ಪೂರ್ತಿ ಹಿಡಿಸುವುದಿಲ್ಲ. ಬೈನಾಕ್ಯುಲರೇ ವಾಸಿ.

ಇನ್ನು ಹುಡುಗಿಯರ ಮಾತು. ಬಬಲೇಶ್ವರದಲ್ಲಿ ನಕ್ಷತ್ರ ನೋಡಲು ಕರೆದಾಗ ಗಂಡುಹುಡುಗರಷ್ಟೇ ಬಂದರು. "ರಾತ್ರಿ ಹೊತ್ತ ಹೆಂಗ ಕಳಸೂದ್ರಿ?" ಎಂದರು ತಾಯಂದಿರು. ಅವರ ಅಂಜಿಕೆಯನ್ನು ನಾನು ಹಳಿಯಲಾರೆ. ಶಾಲೆಯವರು ಅಷ್ಟಕ್ಕೇ ಕೈಬಿಟ್ಟದ್ದನ್ನು ಹಳಿಯುತ್ತೇನೆ. ಮನೆಗೊಂದು ಮಾಳಿಗೆ ಇಲ್ಲವೆ? ಎಳ್ಳಮಾವಾಸ್ಯೆಯ ರಾತ್ರಿ ಒಬ್ಬಳ ಮನೆಯ ಮಾಳಿಗೆ ಹತ್ತಿದೆವು, ತಾಯಂದಿರೂ ಹತ್ತಿದರು. 9ರ ಹೊತ್ತಿಗೆ ಕೃತ್ತಿಕೆ ನೆತ್ತಿಯ ಹತ್ತಿರ.

"ಆರ ಕಾಣ್ತಾವ್ರಿ" ಎಂದಳು ತಾಯಿ.

"ನನಗ ಏಳು" ಎಂದಳು ಮಗಳು.