ಸಿಪಾಯಿಯ ತಾಟಿಗೊಂದು ನ್ಯಾಯ, ಕೂಲಿಯ ತಾಟಿಗೊಂದು ನ್ಯಾಯವೇ?

ಉಂಡ ಅನ್ನವೇ ವಿಷವಾಗಿ ಹತ್ತಾರು ಜನ ಆಸ್ಪತ್ರೆ ಸೇರಿದರೆಂಬ ಸುದ್ದಿ ನಮ್ಮ ದೇಶದಲ್ಲಿ ಹೊಸತಲ್ಲ. ಇಂದು ಶಾಲೆಯಿಂದ, ನಾಳೆ ವಸತಿ ನಿಲಯದಿಂದ, ನಾಡಿದ್ದು ಮದುವೆಯ ಚಪ್ಪರದಿಂದ ಅದು ಬರುತ್ತದೆ. ಮಂತ್ರಿಗಳು ವಿಷಾದ ಸೂಚಿಸುತ್ತಾರೆ. ಅಡಿಗೆಯವಳನ್ನು ಕೆಲಸದಿಂದ ತೆಗೆಯುತ್ತಾರೆ. ಮೂರನೆಯ ದಿನಕ್ಕೆ ಎಲ್ಲರೂ ಮರೆಯುತ್ತಾರೆ. ಯಾವ ಪದಾರ್ಥದಿಂದ, ಯಾವ ಕಾರಣಕ್ಕಾಗಿ, ಯಾರ ಅಲಕ್ಷ್ಯದಿಂದ ಹೀಗಾಯಿತೆಂಬ ಪ್ರಶ್ನೆಗೆ ಮಾತ್ರ ಉತ್ತರ ಬರುವುದಿಲ್ಲ. ಉತ್ತರ ಹುಡುಕುವ ವಿದ್ಯೆ ನಮ್ಮಲ್ಲಿ ಇಲ್ಲವೇ? ಇದೆ. ದಂಡಿನ ವೈದ್ಯರು ಅದನ್ನು ಚೆನ್ನಾಗಿ ಬಲ್ಲರು. ಆ ವಿದ್ಯೆಯ ಫಲ ಬಡವನ ತಾಟಿನವರೆಗೆ ಏಕೆ ಬರುತ್ತಿಲ್ಲವೆಂಬುದೇ ಇಲ್ಲಿ ನಾವು ಎತ್ತುವ ಪ್ರಶ್ನೆ.

ಹಳಿಯಾಳದ ವಾಚಕರಿಗೆ ದಂಡು ದೂರದ ಮಾತಲ್ಲ. ಎರಡು ಶತಮಾನಗಳ ಹಿಂದೆ ಆಂಗ್ಲ ಸೇನಾನಿ ವೆಲ್ಲೆಸ್ಲಿಯ ಪತ್ರಗಳಲ್ಲಿ ಹಳಿಯಾಳದ ಹೆಸರು ಗಡಿಯ ಠಾಣ್ಯವೆಂದು ಮತ್ತೆ ಮತ್ತೆ ಬರುತ್ತದೆ. ಇಂದು ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಪಕ್ಕದ ಬೆಳಗಾವಿಯಲ್ಲಿದೆ. 2005ರಿಂದ ಕಾರವಾರದಲ್ಲಿ ಕದಂಬ ನೌಕಾನೆಲೆಯಿದೆ. ಈ ತಾಲೂಕಿನ ಒಕ್ಕಲು ಮನೆಗಳ ಹುಡುಗರು ಪಲ್ಟನ್ನು ಸೇರುತ್ತಾರೆ. ಅವರ ಅಣ್ಣತಮ್ಮಂದಿರು ಕಬ್ಬು ಕಡಿಯುತ್ತಾರೆ, ದಾಂಡೇಲಿಯ ಗಿರಣಿಯಲ್ಲಿ ಗುತ್ತಿಗೆ ಕೂಲಿ ಮಾಡುತ್ತಾರೆ. ಒಂದೇ ತಾಯಿಯ ಮಕ್ಕಳು. ಆದರೆ ಹೊಟ್ಟೆ ಕೆಟ್ಟಾಗ ಇಬ್ಬರಿಗೂ ಸಿಗುವ ನ್ಯಾಯ ಒಂದಲ್ಲ.

ದಂಡಿನ ವೈದ್ಯರು ಹೇಗೆ ಶೋಧಿಸುತ್ತಾರೆಂಬುದಕ್ಕೆ ಅವರೇ 2013ರಲ್ಲಿ ತಮ್ಮ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ವರದಿಯನ್ನು ನೋಡಬಹುದು. 2011ರ ಮೇ 29ರಂದು ಒಂದು ಸೈನಿಕ ನೆಲೆಯಲ್ಲಿ ಕೆಲವೇ ತಾಸುಗಳೊಳಗೆ 43 ಜನ ಕಾಯಿಲೆ ಬಿದ್ದರು. 31ರ ಹೊತ್ತಿಗೆ ಸಂಖ್ಯೆ 53ಕ್ಕೆ ಏರಿತು. ಎಲ್ಲರಿಗೂ ಭೇದಿ, ನೂರಕ್ಕೆ 96 ಜನರಿಗೆ ಜ್ವರ, ಸುಮಾರು ಅರ್ಧದಷ್ಟು ಜನರಿಗೆ ವಾಂತಿ. ವೈದ್ಯರು ಯಾರಿಗೆ ಯಾವಾಗ ಶುರುವಾಯಿತು, ಯಾರು ಏನೇನು ಉಂಡಿದ್ದರು ಎಂಬುದನ್ನೆಲ್ಲ ಬರೆದುಕೊಂಡರು. ಪದಾರ್ಥ ಪದಾರ್ಥಕ್ಕೂ, ತಿಂದವರಲ್ಲಿ ಎಷ್ಟು ಜನ ಬಿದ್ದರು, ತಿನ್ನದವರಲ್ಲಿ ಎಷ್ಟು ಜನ ಬಿದ್ದರೆಂದು ಹೋಲಿಸಿ ನೋಡಿದರು. 28ರ ರಾತ್ರಿ ಬಡಿಸಿದ ಆಲೂಗಡ್ಡೆ–ಹಾಗಲಕಾಯಿ ಪಲ್ಯ ಸಿಕ್ಕಿಬಿತ್ತು. ಅದನ್ನು ತಿಂದವರು ಕಾಯಿಲೆ ಬಿದ್ದ ಪ್ರಮಾಣ ತಿನ್ನದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚು. ಅಡಿಗೆ ಮಾಡುವ ಬಗೆ, ಇಡುವ ಜಾಗ ಎಲ್ಲವನ್ನೂ ಪರೀಕ್ಷಿಸಿದಾಗ ಅಲ್ಲಿ ಇಲಿಗಳ ಕಾಟವಿರುವುದು ಕಂಡಿತು. ಕಾಯಿಲೆಯ ಲಕ್ಷಣ, ಉಂಡದ್ದಕ್ಕೂ ಬಿದ್ದದ್ದಕ್ಕೂ ನಡುವಣ ಕಾಲ, ಇಲಿಗಳು – ಮೂರೂ ಸೇರಿ ಸಾಲ್ಮೊನೆಲ್ಲಾ ಎಂಬ ರೋಗಾಣುವಿನತ್ತ ಬೆರಳು ತೋರಿಸಿದವು.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಬೇಕಾದದ್ದು ಕಾಗದ, ಪೆನ್ಸಿಲು, ಪ್ರಾಮಾಣಿಕತೆ. ಕಾಲವೇ ಅರ್ಧ ಕಥೆ ಹೇಳುತ್ತದೆ. ಉಂಡ ಒಂದರಿಂದ ಆರು ತಾಸಿನೊಳಗೆ ವಾಂತಿ ಕಿತ್ತುಕೊಂಡರೆ, ಕೀವುಗಟ್ಟಿದ ಗಾಯದ ಕೈಯಿಂದ ಅಡಿಗೆಗೆ ಸೇರಿ ಅಲ್ಲಿ ಬೆಳೆದ ರೋಗಾಣುವಿನ ನಂಜನ್ನು ಶಂಕಿಸಬೇಕು. ಅರ್ಧ ದಿನವೋ ಒಂದು ದಿನವೋ ಕಳೆದು ಜ್ವರ, ಭೇದಿ ಬಂದರೆ ಸಾಲ್ಮೊನೆಲ್ಲಾವನ್ನು ಶಂಕಿಸಬೇಕು. ಕಾಯಿಲೆ ಬಿದ್ದವರನ್ನಷ್ಟೇ ಕೇಳಿದರೆ ಸಾಲದು. ಉಂಡೂ ಬೀಳದವರನ್ನು ಕೇಳದಿದ್ದರೆ ಲೆಕ್ಕವೇ ಆಗದು. ನಮ್ಮ ಊರುಗಳಲ್ಲಿ ಈ ಎರಡನೆಯವರನ್ನು ಕೇಳುವವರು ಯಾರು?

ಇನ್ನೂ ಒಂದು ಮಾತನ್ನು ಗಮನಿಸಬೇಕು. ಈ ರೀತಿಯ ಶೋಧನೆ ಹುಡುಕುವುದು ಕಾರಣವನ್ನು, ಕೈಗೆ ಸಿಕ್ಕ ಬಲಿಪಶುವನ್ನಲ್ಲ. ಪಲ್ಯ ಕೆಟ್ಟಿತೆಂದು ಅಡಿಗೆಯವನನ್ನು ಓಡಿಸಿದರೆ ಇಲಿ ಓಡಿಹೋಗುತ್ತದೆಯೇ? ಉಗ್ರಾಣಕ್ಕೆ ಜಾಳಿಗೆ ಹಾಕಿಸುವುದು, ಮುಚ್ಚಳವಿರುವ ಪಾತ್ರೆ ಕೊಡುವುದು, ಬೇಯಿಸಿದ್ದನ್ನು ಸೆಕೆಯಲ್ಲಿ ತಾಸುಗಟ್ಟಲೆ ಇಡದಂತೆ ಏರ್ಪಾಡು ಮಾಡುವುದು ಅಡಿಗೆಯವನ ಕೈಯಲ್ಲಿಲ್ಲ. ಹಣ ಮಂಜೂರು ಮಾಡುವವರ ಕೈಯಲ್ಲಿದೆ.

ಹಾಗೆಂದು ದಂಡಿನಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುತ್ತಿಲ್ಲ. ಮೇಲಿನ ವರದಿ ಇಂಗ್ಲಿಷಿನಲ್ಲಿ, ವೈದ್ಯರಿಗಾಗಿ ಬರೆದದ್ದು; ಸಿಪಾಯಿಯ ತಾಯಿ ಅದನ್ನು ಓದಲಾರಳು. ಇನ್ನು ಸಿಪಾಯಿಯೇ ಬಾಯಿ ತೆರೆದರೆ? 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ತೇಜ್ ಬಹದ್ದೂರ್ ಯಾದವ್ ಎಂಬ ಯೋಧ ಸುಟ್ಟ ರೊಟ್ಟಿಯನ್ನೂ ನೀರಾದ ಬೇಳೆಯನ್ನೂ ದೇಶಕ್ಕೆ ತೋರಿಸಿದ. ಪಡೆಯವರು ಆತನ ದೂರನ್ನು ಒಪ್ಪಲಿಲ್ಲ. ಏಪ್ರಿಲ್ ತಿಂಗಳಲ್ಲಿ ಆತನನ್ನು ನೌಕರಿಯಿಂದ ವಜಾ ಮಾಡಿದರು. ಶಿಸ್ತು ಬೇಕೆನ್ನುವವರಿಗೆ ಇತಿಹಾಸವನ್ನು ನೆನಪಿಸುತ್ತೇವೆ. 1946ರ ಫೆಬ್ರುವರಿ 18ರಂದು ಮುಂಬಯಿಯ 'ತಲವಾರ್' ನೌಕಾ ಶಿಕ್ಷಣ ಕೇಂದ್ರದಲ್ಲಿ ನಾವಿಕರು ಮುಷ್ಕರ ಹೂಡಿದ್ದು ಕೆಟ್ಟ ಊಟದ ಮೇಲಿನಿಂದಲೇ. ಆ ಕಿಡಿ ಕೆಲವೇ ದಿನಗಳಲ್ಲಿ ಹಡಗಿನಿಂದ ಹಡಗಿಗೆ ಹಬ್ಬಿ ಬ್ರಿಟಿಷ್ ಸಾಮ್ರಾಜ್ಯವನ್ನೇ ನಡುಗಿಸಿತು. ಅದನ್ನು ಸ್ವಾತಂತ್ರ್ಯ ಸಂಗ್ರಾಮದ ಭಾಗವೆಂದು ಹೊಗಳುವ ನಾವು, ಸ್ವತಂತ್ರ ದೇಶದ ಯೋಧ ತಾಟು ತೋರಿಸಿದರೆ ಅಪರಾಧವೆನ್ನಬಹುದೇ?

ಆಳುವವರು ದಂಡಿನ ಆರೋಗ್ಯವನ್ನು ಜನತೆಯ ಆರೋಗ್ಯದಿಂದ ಬೇರೆ ಮಾಡಿ ನೋಡುವ ರೋಗ ಹಳೆಯದು. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳು ತಿಂಗಳುಗಟ್ಟಲೆ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಸೈನ್ಯದ ವೈದ್ಯ ಡೇವಿಡ್ ಬ್ರೂಸ್ ಅದರ ರೋಗಾಣುವನ್ನು ಕಂಡುಹಿಡಿದ. ಅದು ಎಲ್ಲಿಂದ ಬರುತ್ತದೆಂದು ತಿಳಿದದ್ದು 1905ರಲ್ಲಿ. ಊರಿನವರೇ ಆದ ವೈದ್ಯ ಥೆಮಿಸ್ಟೊಕ್ಲಿಸ್ ಜಮ್ಮಿತ್ ಆಡುಗಳ ರಕ್ತದಲ್ಲಿ ಅದರ ಸುಳಿವನ್ನು ತೋರಿಸಿಕೊಟ್ಟರು. ಕಾರಣ ಹಸಿ ಹಾಲು. 1906ರಲ್ಲಿ ದಂಡಿಗೆ ಆಡಿನ ಹಾಲು ನಿಂತಿತು. ನೂರಾರು ಸಿಪಾಯಿಗಳನ್ನು ಮಲಗಿಸುತ್ತಿದ್ದ ಜ್ವರ ಬೆರಳೆಣಿಕೆಗೆ ಇಳಿಯಿತು. ಆದರೆ ದ್ವೀಪದ ಬಡವರು ಅದೇ ಹಾಲನ್ನು ಕುಡಿಯುತ್ತ ಅದೇ ಜ್ವರದಲ್ಲಿ ನರಳುತ್ತಲೇ ಇದ್ದರು. ಹಾಲನ್ನು ಕಾಯಿಸಿ ಶುದ್ಧ ಮಾಡುವ ಕೇಂದ್ರ ಅಲ್ಲಿ ಬಂದದ್ದು 1938ರಲ್ಲಿ. ವಿದ್ಯೆ ಇತ್ತು, ಅದು ಬ್ಯಾರಕ್ಕಿನ ಗೋಡೆ ದಾಟಲು ಮೂವತ್ತು ವರ್ಷ ಹಿಡಿಯಿತು.

ನಮ್ಮಲ್ಲಿ ಆ ಗೋಡೆ ಇನ್ನೂ ನಿಂತಿದೆ. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಶಾಲೆಯ ಊಟ ಉಂಡು 23 ಮಕ್ಕಳು ಸತ್ತರು. 2015ರಲ್ಲಿ ಬಿಸಿಯೂಟದ ನಿಯಮಗಳು ಬಂದವು: ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು, ಊಟದ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಒಳ್ಳೆಯದೇ. ಆದರೆ ಸಾಲ್ಮೊನೆಲ್ಲಾ ಬೆರೆತ ಅನ್ನದ ರುಚಿ ಕೆಡಬೇಕೆಂದಿಲ್ಲ. ರುಚಿ ನೋಡಿದ ಶಿಕ್ಷಕರೂ ಮರುದಿನ ಮಕ್ಕಳ ಜೊತೆಗೇ ಮಲಗುತ್ತಾರೆ. ಶಾಲೆಗೆ ಇಷ್ಟಾದರೂ ನಿಯಮವಿದೆ. ಸುಗ್ಗಿಯಲ್ಲಿ ಗುಡಿಸಲು ಹಾಕಿ ಕಬ್ಬು ಕಡಿಯುವ ತಂಡಕ್ಕೆ ಯಾವ ನಿಯಮವಿದೆ? ಅವರು ಬೆಳಗಿನ ಜಾವ ಬೇಯಿಸಿದ್ದನ್ನು ಮಧ್ಯಾಹ್ನ ಬಿಸಿಲಲ್ಲಿ ಉಣ್ಣುತ್ತಾರೆ, ಸಿಕ್ಕ ನೀರು ಕುಡಿಯುತ್ತಾರೆ. ಅವರಿಗೆ ಭೇದಿ ಹತ್ತಿದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂದು ದಿನದ ಕೂಲಿ ಮಾತ್ರ ಹೋಗುತ್ತದೆ.

ಇದಕ್ಕಾಗಿ ಹೊಸ ಇಲಾಖೆ ಬೇಕಿಲ್ಲ. ರೋಗಗಳ ಮೇಲೆ ನಿಗಾ ಇಡುವ ಕೇಂದ್ರ ಯೋಜನೆ 2004ರಲ್ಲೇ ಆರಂಭವಾಗಿದೆ. ಜಿಲ್ಲೆಗೊಂದು ಘಟಕವೂ ಇದೆ. ಬೇಕಾದದ್ದು ಇಷ್ಟು. ಒಂದು: ಶಾಲೆ, ವಸತಿ ನಿಲಯ, ಕಾರ್ಖಾನೆಯ ಕ್ಯಾಂಟೀನುಗಳಲ್ಲಿ ಪ್ರತಿದಿನದ ಪ್ರತಿ ಪದಾರ್ಥದ ಮಾದರಿಯನ್ನು ಕನಿಷ್ಠ ಎರಡು ದಿನ ತಂಪಿನಲ್ಲಿ ತೆಗೆದಿಡಬೇಕು. ಎರಡು: ಕಾಯಿಲೆ ಕಂಡ ಒಂದು ದಿನದೊಳಗೆ ಉಂಡವರೆಲ್ಲರ ಪಟ್ಟಿ, ಬಿದ್ದವರದೂ ಬೀಳದವರದೂ, ಆರೋಗ್ಯ ಇಲಾಖೆಯ ಕೈಯಲ್ಲಿರಬೇಕು. ಮೂರು: ಕಾರಣ ಗೊತ್ತಾಗುವ ಮೊದಲು ಅಡಿಗೆಯವರನ್ನು ಕೆಲಸದಿಂದ ತೆಗೆಯಕೂಡದು. ನಾಲ್ಕು: ವರದಿಯನ್ನು ಕನ್ನಡದಲ್ಲಿ ಪಂಚಾಯತಿ ಹಲಗೆಗೆ ಹಚ್ಚಬೇಕು. ಐದು: ಊಟದ ಬಗ್ಗೆ ದೂರಿದವನಿಗೆ, ಆತ ಸಿಪಾಯಿಯಾಗಲಿ ಕೂಲಿಯಾಗಲಿ, ಶಿಕ್ಷೆಯಾಗಕೂಡದು.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ನಮ್ಮ ಕಾರ್ಯಕರ್ತರು ಬರುವ ಗ್ರಾಮಸಭೆಗಳಲ್ಲಿ ಈ ಐದನ್ನೂ ಠರಾವಾಗಿ ಮಂಡಿಸಬೇಕು. ನಿವೃತ್ತ ಸೈನಿಕರು ಮುಂದೆ ನಿಂತು ಬೆಂಬಲಿಸಬೇಕೆಂದು ವಿನಂತಿಸುತ್ತೇವೆ. ದಂಡಿನಲ್ಲಿ ಊಟದ ಲೆಕ್ಕ ಹೇಗಿಡುತ್ತಾರೆಂಬುದು ಅವರಿಗೆ ಗೊತ್ತು. ಅದನ್ನು ಊರಿಗೆ ಕಲಿಸುವುದೂ ದೇಶಸೇವೆಯೇ.